ಬಿದ್ದವನು ಎದ್ದ ಸರಿ, ಬಿದ್ದದ್ದೇಕೆ ಅಂತ ಕೇಳಿದವರು ಯಾರು?

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಧೊಪ್ಪೆಂದು ಬಿದ್ದ ಅಂತಿಟ್ಟುಕೊಳ್ಳಿ. ಏಪ್ರಿಲ್ ತಿಂಗಳ ಬಿಸಿಲು, ಒಂದು ಗಂಟೆಯಿಂದ ಬಾರದ ಬಸ್ಸು, ಬೆಳಿಗ್ಗೆ ತಿಂಡಿಯೂ ಆಗಿಲ್ಲ. ನೋಡ್ತಾ ನೋಡ್ತಾ ಮುಖ ಬಿಳಿಚಿಕೊಂಡು ಕುಸಿದ. ಅರೆಗಳಿಗೆಯಲ್ಲಿ ಐವತ್ತು ಜನ ಸುತ್ತುಗಟ್ಟುತ್ತಾರೆ. 'ಗಾಳಿ ಬಿಡ್ರೀ, ಗಾಳಿ ಬಿಡ್ರೀ' ಅಂತ ಕೂಗುವವನೇ ಎಲ್ಲರಿಗಿಂತ ಹತ್ತಿರ ನಿಂತಿರುತ್ತಾನೆ. ಒಬ್ಬ ಬೀಡಾ ಅಂಗಡಿಯಿಂದ ಸೋಡಾ ತಂದು ಮುಖಕ್ಕೆ ಎರಚುತ್ತಾನೆ. ಇನ್ನೊಬ್ಬ ಬೀಗದ ಕೈ ಗೊಂಚಲು ತೆಗೆದು ಬಿದ್ದವನ ಮುಷ್ಟಿಗೆ ತುರುಕುತ್ತಾನೆ. ಮೂರನೆಯವನು ಹೋಟೆಲಿಗೆ ಓಡಿ ಈರುಳ್ಳಿ ತರುವಷ್ಟರಲ್ಲಿ ಬಿದ್ದ ಆಸಾಮಿ ಕಣ್ಣು ಬಿಟ್ಟು 'ಏನಾಯ್ತು?' ಅಂತ ಕೇಳಿರುತ್ತಾನೆ.

ಬೀಗದ ಕೈ ಕೊಟ್ಟಿದ್ದಕ್ಕೇ ಎದ್ದ ಅಂತ ಅವನು, ಸೋಡಾ ಹೊಡೆದಿದ್ದಕ್ಕೇ ಎದ್ದ ಅಂತ ಇವನು. ಇಬ್ಬರ ಮಾತೂ ಸುಳ್ಳು. ಅವನನ್ನು ಎಬ್ಬಿಸಿದ್ದು ನೆಲ. ಬಹಳ ಹೊತ್ತು ನಿಂತವನ ರಕ್ತ ಕಾಲಿನ ಕಡೆ ಇಳಿದಿರುತ್ತೆ. ಅದರ ಮೇಲೆ ಸೆಕೆ, ನೋವು, ಗಾಬರಿ ಯಾವುದಾದರೊಂದು ಸೇರಿಕೊಂಡರೆ ರಕ್ತನಾಳ ಸಡಿಲವಾಗಿ ಬಿಪಿ ಬಿದ್ದುಹೋಗುತ್ತೆ, ನಾಡಿಯೂ ನಿಧಾನವಾಗುತ್ತೆ. ಮಿದುಳಿಗೆ ರಕ್ತ ಸಾಲದೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತೆ. ಅಡ್ಡ ಬಿದ್ದ ಕೂಡಲೇ ತಲೆ, ಹೃದಯ ಒಂದೇ ಮಟ್ಟಕ್ಕೆ ಬಂದು ರಕ್ತ ಹರಿಯುತ್ತೆ, ಜ್ಞಾನ ಬರುತ್ತೆ. ಹಾಗಿರುವಾಗ ಅವನನ್ನು ಎತ್ತಿ ಬೆಂಚಿನ ಮೇಲೆ ಕೂರಿಸುವುದು, ಆಟೋದಲ್ಲಿ ಇಬ್ಬರ ಮಧ್ಯೆ ನೆಟ್ಟಗೆ ಕೂರಿಸಿಕೊಂಡು ಹೋಗುವುದು ಉಪಕಾರ ಮಾಡಲು ಹೋಗಿ ಅಪಕಾರ ಮಾಡಿದಂತೆ. ಮಲಗಿಸಬೇಕು, ಕಾಲನ್ನು ಯಾವುದಾದರೂ ಚೀಲದ ಮೇಲೆ ಎತ್ತಿ ಇಡಬೇಕು. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಬಿಡಬಾರದು. ಉಸಿರೇ ಆಡುತ್ತಿಲ್ಲ ಅಂದರೆ ಮಾತ್ರ ಅದು ಬೇರೆ ಕಥೆ. ಒಬ್ಬ 108ಕ್ಕೆ ಫೋನು ಮಾಡಬೇಕು, ಇನ್ನೊಬ್ಬ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು.

ಬೀಗದ ಕೈಯ ವಿಷಯ ಇನ್ನೊಂದು ಮಾತು. ಬರೀ ತಲೆಸುತ್ತಿ ಬಿದ್ದವನ ಕೈಕಾಲು ಕೂಡ ನಾಲ್ಕಾರು ಸೆಕೆಂಡು ಅದುರುವುದುಂಟು. ಅಷ್ಟಕ್ಕೇ ಜನ 'ಫಿಟ್ಸು' ಅಂತ ಹಣೆಪಟ್ಟಿ ಹಚ್ಚಿಬಿಡುತ್ತಾರೆ. ಮೂರ್ಛೆರೋಗವಾದರೆ ಅದುರಾಟ ಸಾಮಾನ್ಯವಾಗಿ ಒಂದೆರಡು ನಿಮಿಷ ಇರುತ್ತೆ, ನಾಲಿಗೆಯ ಪಕ್ಕ ಕಚ್ಚಿಕೊಂಡಿರಬಹುದು, ಎದ್ದ ಮೇಲೂ ಬಹಳ ಹೊತ್ತು ಮಂಕಾಗಿರುತ್ತಾನೆ. ಒಂದು ತಪ್ಪು ಹಣೆಪಟ್ಟಿಯಿಂದ ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ, ಮದುವೆ ಮುರಿದುಕೊಂಡ ಹುಡುಗಿಯರಿದ್ದಾರೆ.

ಕ್ಯಾಜುವಾಲ್ಟಿಯಲ್ಲಿ ಏನಾಗುತ್ತೆ?

ಇನ್ನು ದೊಡ್ಡಾಸ್ಪತ್ರೆಗೆ ಬನ್ನಿ. ಬಿದ್ದವನು ಕ್ಯಾಜುವಾಲ್ಟಿಗೆ ತಲುಪುವ ಹೊತ್ತಿಗೆ ಎಲ್ಲರ ಹಾಗೆ ಇರುತ್ತಾನೆ. ರಕ್ತ ಸೋರುತ್ತಿಲ್ಲ, ಕೈ ಮುರಿದಿಲ್ಲ, ಮಾತಾಡುತ್ತಿದ್ದಾನೆ. ಪಕ್ಕದ ಮಂಚದಲ್ಲಿ ವಿಷ ಕುಡಿದವನು, ಅದರಾಚೆ ಲಾರಿಗೆ ಸಿಕ್ಕಿದವನು. ಡ್ಯೂಟಿ ಡಾಕ್ಟರು ಒಬ್ಬರೇ. ಪಾಪ, ಅವರಾದರೂ ಏನು ಮಾಡಿಯಾರು? 'ಊಟ ಮಾಡಿದ್ಯೇನಯ್ಯಾ?' 'ಇಲ್ಲ ಸಾರ್.' 'ಲೋ ಬಿಪಿ ಇರ್ಬೇಕು, ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಕಳ್ಸಿ ಸಿಸ್ಟರ್.' ಅಲ್ಲಿಗೆ ಕೇಸು ಖಲಾಸ್. ಅದೇ ಮನುಷ್ಯ ಜೇಬು ಗಟ್ಟಿ ಇದ್ದು ಖಾಸಗಿ ಆಸ್ಪತ್ರೆಗೆ ಹೋದನೋ, ತಲೆ ಸುತ್ತಿತು ಅಂದಿದ್ದೇ ತಡ ತಲೆಗೆ ಸ್ಕ್ಯಾನು, ಎರಡು ದಿನ ಅಡ್ಮಿಟ್ಟು, ಸಾವಿರಾರು ರೂಪಾಯಿ ಬಿಲ್ಲು. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲೇ ಹೇಳಿದೆ: ಬರೀ ಎಚ್ಚರ ತಪ್ಪಿ ಎದ್ದವನ ನರದ ಪರೀಕ್ಷೆ ಸರಿಯಾಗಿದ್ದರೆ ಮಿದುಳಿನ ಸ್ಕ್ಯಾನು ಬೇಡ ಅಂತ. ಬಿದ್ದಾಗ ತಲೆಗೆ ಏಟು ಬಿದ್ದಿದ್ದರೆ, ಮಾತು ತೊದಲಿದರೆ, ಕೈಕಾಲು ಸ್ವಾಧೀನ ತಪ್ಪಿದ್ದರೆ ಬೇಕು, ಬೇಡ ಅನ್ನುವವರಿಲ್ಲ.

ಗ್ಲೂಕೋಸ್ ಬಾಟ್ಲಿಯವನಿಗೂ ಸ್ಕ್ಯಾನಿನವನಿಗೂ ತಪ್ಪಿಹೋಗುವುದು ಒಂದೇ. ಬಿದ್ದದ್ದು ಯಾಕೆ ಎಂಬ ಪ್ರಶ್ನೆ.

ಬಿದ್ದವರಲ್ಲಿ ಬಹುಪಾಲು ಜನಕ್ಕೆ ಏನೂ ಆಗುವುದಿಲ್ಲ. ಆದರೆ ಕೆಲವರಲ್ಲಿ ಬೀಳಿಸಿದ್ದು ಬಿಸಿಲಲ್ಲ, ಹೃದಯ. ಮಿಡಿತ ಹತ್ತು ಸೆಕೆಂಡು ನಿಂತುಹೋಗಿರುತ್ತೆ, ಇಲ್ಲವೇ ಕುದುರೆ ಓಟ ಓಡಿರುತ್ತೆ. ತಾನಾಗಿಯೇ ಸರಿಹೋದದ್ದರಿಂದ ಮನುಷ್ಯ ಎದ್ದಿರುತ್ತಾನೆ. ಮುಂದಿನ ಸಲ ಏಳುತ್ತಾನೆ ಅಂತ ಬರೆದುಕೊಟ್ಟವರಿಲ್ಲ. ಕೆಲವರಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರುತ್ತೆ, ಮಲ ಡಾಂಬರಿನ ಹಾಗೆ ಕಪ್ಪಗಿರುತ್ತೆ, ಕೇಳಿದರೆ ಮಾತ್ರ ಹೇಳುತ್ತಾರೆ. ಮುಟ್ಟು ತಪ್ಪಿದ ಹೆಂಗಸು ಹೊಟ್ಟೆನೋವು ಅಂತ ಬಿದ್ದರೆ ಗರ್ಭನಾಳವೇ ಒಡೆದಿರಬಹುದು. ಅವರಿಗೆ ಗ್ಲೂಕೋಸ್ ಹಾಕಿ ಮನೆಗೆ ಕಳಿಸಿದರೆ?

ಈ ಜರಡಿ ಹಿಡಿಯುವ ಕೆಲಸವನ್ನು ಲೆಕ್ಕ ಹಾಕಿ ಮಾಡಿದವರು ಕೆನಡಾದ ಡಾಕ್ಟರುಗಳು. ಒಟ್ಟಾವಾ ವಿಶ್ವವಿದ್ಯಾಲಯದ ವೆಂಕಟೇಶ್ ತಿರುಜ್ಞಾನಸಂಬಂದಮೂರ್ತಿ ಮತ್ತು ಅವರ ತಂಡ ಆರು ಆಸ್ಪತ್ರೆಗಳ ಕ್ಯಾಜುವಾಲ್ಟಿಗೆ ಎಚ್ಚರ ತಪ್ಪಿ ಬಂದ 4,030 ಜನರನ್ನು ಒಂದು ತಿಂಗಳು ಬೆನ್ನುಹತ್ತಿತು. 147 ಜನಕ್ಕೆ, ಅಂದರೆ ನೂರಕ್ಕೆ ಮೂರೂವರೆ ಚಿಲ್ಲರೆ ಮಂದಿಗೆ, ಸಾವು ಅಥವಾ ಗಂಭೀರ ತೊಂದರೆ ಬಂದಿತ್ತು. ಅವರು ಯಾರು, ಉಳಿದವರು ಯಾರು ಅಂತ ತೂಗಿ ನೋಡಿ ಒಂಬತ್ತು ಅಂಶಗಳ ಅಂಕಪಟ್ಟಿಯೊಂದನ್ನು 2016ರಲ್ಲಿ ಪ್ರಕಟಿಸಿದರು. ಹೃದಯದ ಕಾಯಿಲೆ ಮೊದಲೇ ಇದೆಯೇ, ಮೇಲಿನ ಬಿಪಿ 90ಕ್ಕಿಂತ ಕಡಿಮೆಯೋ 180ಕ್ಕಿಂತ ಹೆಚ್ಚೋ, ಟ್ರೊಪೋನಿನ್ ಎಂಬ ರಕ್ತಪರೀಕ್ಷೆ ಏನು ಹೇಳುತ್ತೆ. ಇದಕ್ಕೆಲ್ಲ ಅಂಕ ಕೂಡುತ್ತೆ. ಸೆಕೆಯಲ್ಲಿ ನಿಂತಿದ್ದ, ನೋವಿಗೋ ಹೆದರಿಕೆಗೋ ಬಿದ್ದ ಅಂದರೆ ಅಂಕ ಕಳೆಯುತ್ತೆ. ಒಂಬತ್ತರಲ್ಲಿ ಮೂರು ಅಂಶ ಬರೀ ಇಸಿಜಿ ಕಾಗದದ ಮೇಲಿನ ಗೆರೆಗಳು. 2020ರಲ್ಲಿ ಒಂಬತ್ತು ಆಸ್ಪತ್ರೆಗಳ ಇನ್ನೂ 3,819 ಜನರ ಮೇಲೆ ಪರೀಕ್ಷಿಸಿದಾಗ ಕಡಿಮೆ ಅಂಕದವರಲ್ಲಿ ನೂರಕ್ಕೆ ಒಬ್ಬನಿಗೂ ತೊಂದರೆ ಆಗಲಿಲ್ಲ, ತೀರಾ ಹೆಚ್ಚಿನ ಅಂಕದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಯಿತು.

ಎಷ್ಟು ಹೊತ್ತು ನಿಗಾ ಇಡಬೇಕು ಅಂತಲೂ ಅದೇ ತಂಡ 2019ರಲ್ಲಿ ಹೇಳಿದೆ. ಅಪಾಯ ಕಡಿಮೆ ಅನ್ನಿಸಿದವರನ್ನು ಎರಡು ಗಂಟೆ, ಮಿಕ್ಕವರನ್ನು ಆರು ಗಂಟೆ ಮಾನಿಟರಿಗೆ ಹಚ್ಚಿ ನೋಡಬೇಕು. ಎಲ್ಲ ಸರಿಯಿದ್ದರೆ ಎರಡು ಗಂಟೆಯವನು ಮನೆಗೆ ಹೋಗಬಹುದು. ಮಂಚ ಖಾಲಿ, ರೋಗಿಯ ದುಡ್ಡೂ ಉಳಿಯಿತು.

ಕೆನಡಾದ ಅಂಕಪಟ್ಟಿಯನ್ನು ತಂದು ತಾಲೂಕು ಆಸ್ಪತ್ರೆ ಗೋಡೆಗೆ ಅಂಟಿಸಿದರೆ ಮುಗಿಯಿತು ಅಂತಲ್ಲ. ಅದರಲ್ಲೂ ಕೊನೆಯ ಮಾತು ಡಾಕ್ಟರದೇ. ಆದರೆ ಅದರ ಬುಡದಲ್ಲಿರುವ ಮೂರು ಕೆಲಸಕ್ಕೆ ವಿಮಾನದಲ್ಲಿ ಏನೂ ಬರಬೇಕಾಗಿಲ್ಲ.

ಒಂದು, ಇಸಿಜಿ. ಐದು ನಿಮಿಷದ ಕೆಲಸ. ಬಿದ್ದು ಬಂದ ಪ್ರತಿಯೊಬ್ಬರಿಗೂ ತೆಗೆಯಬೇಕು. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಪ್ರಕಟಿಸಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುವ ಏರ್ಪಾಡು ಅದು. ಬಹಳ ಒಳ್ಳೆಯದು. ಆದರೆ ಅದು ಎದೆನೋವು ಅಂದವನಿಗಾಗಿ ಹುಟ್ಟಿದ ಯೋಜನೆ. 'ಕಣ್ಣು ಕತ್ತಲಿಟ್ಟು ಬಿದ್ದೆ' ಅಂದವನನ್ನು ಆ ಮೆಷಿನ್ನಿನ ಹತ್ತಿರ ಕರೆದೊಯ್ಯಲು ಯಾರಿಗೆ ನೆನಪಾಗುತ್ತೆ? 2025ರ ಜೂನ್‌-ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿಗೆ ಹೆದರಿ ಏನೂ ಆಗದ ಜನ ಮೈಸೂರಿನ ಜಯದೇವದ ಮುಂದೆ ಬೆಳ್ಳಂಬೆಳಿಗ್ಗೆ ಸಾಲುಗಟ್ಟಿದರು. ಬಿದ್ದು ಎದ್ದವನು ಮಾತ್ರ ಬಾಟ್ಲಿ ಮುಗಿಸಿಕೊಂಡು ಬಸ್ಸು ಹತ್ತುತ್ತಾನೆ.

ಎರಡನೆಯದು ಬಿಪಿಯನ್ನು ಎರಡು ಸಲ ನೋಡುವುದು. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ. ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಕಾರಣ ಅಲ್ಲೇ ಕೈಗೆ ಸಿಕ್ಕಿತು. ವಾಂತಿ ಭೇದಿಯಿಂದ ನೀರು ಕಳೆದುಕೊಂಡವರು, ಬಿಪಿಗೋ ಮೂತ್ರದ ತೊಂದರೆಗೋ ಹೊಸ ಮಾತ್ರೆ ಶುರುಮಾಡಿದ ಮುದುಕರು ಹೀಗೆ ಸಿಕ್ಕಿಬೀಳುತ್ತಾರೆ. ಮೂರು ನಿಮಿಷ ಒಬ್ಬ ರೋಗಿಯ ಪಕ್ಕ ನಿಲ್ಲುವ ಪುರುಸೊತ್ತು ಕ್ಯಾಜುವಾಲ್ಟಿಯಲ್ಲಿ ಯಾರಿಗಿದೆ ಅಂತ ಕೇಳಿದರೆ ಅದೂ ನ್ಯಾಯವೇ. ನರ್ಸುಗಳ ಖಾಲಿ ಹುದ್ದೆ ತುಂಬದೆ ಈ ಮಾತು ಕಾಗದದ ಮೇಲೇ ಉಳಿಯುತ್ತೆ.

ಮೂರನೆಯದಕ್ಕೆ ಖರ್ಚೇ ಇಲ್ಲ, ಅದಕ್ಕೇ ಅದನ್ನು ಕೇಳುವವರೂ ಇಲ್ಲ. ನೋಡಿದವರ ಮಾತು. ಬಿದ್ದವನಿಗೆ ತಾನು ಬಿದ್ದದ್ದು ಗೊತ್ತಿರುವುದಿಲ್ಲ. ಗೊತ್ತಿರುವುದು ಬೀಡಾ ಅಂಗಡಿಯವನಿಗೆ, ಕಂಡಕ್ಟರನಿಗೆ, ಹೂವು ಮಾರುವ ಹೆಂಗಸಿಗೆ. ನಿಂತಿದ್ದನೋ, ಕೂತಿದ್ದನೋ? ಬಸ್ಸಿನ ಹಿಂದೆ ಓಡುತ್ತಿದ್ದನೋ? ಬೆವೆತು 'ಒಂಥರಾ ಆಗ್ತಿದೆ' ಅಂದನೋ, ಇಲ್ಲವೇ ಮಾತಿನ ಮಧ್ಯೆ ಸ್ವಿಚ್ಚು ಆರಿಸಿದ ಹಾಗೆ ಬಿದ್ದನೋ? ಎಷ್ಟು ಹೊತ್ತಿಗೆ ಕಣ್ಣು ಬಿಟ್ಟ? ಓಡುವಾಗ ಬಿದ್ದವನು, ಮಲಗಿದ್ದಲ್ಲೇ ಎಚ್ಚರ ತಪ್ಪಿದವನು, ಎದೆ ಡವಗುಟ್ಟಿ ಬಿದ್ದವನು, ಮುನ್ಸೂಚನೆಯೇ ಇಲ್ಲದೆ ಮುಖ ಜಜ್ಜಿಕೊಂಡವನು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ ಸತ್ತಿದ್ದಾರೆ ಅನ್ನುವವನು, ಇವರನ್ನು ಪೂರ್ತಿ ನೋಡದೆ ಮನೆಗೆ ಕಳಿಸಬಾರದು.

ಇಷ್ಟು ಹೇಳಬಲ್ಲ ಮನುಷ್ಯ ಆಟೋದಲ್ಲಿ ಜೊತೆಗೆ ಬಂದಿರುತ್ತಾನೆ. 'ರೋಗಿ ಜೊತೆ ಒಬ್ರೇ' ಅಂತ ಗೇಟಿನವನು ತಡೆಯುತ್ತಾನೆ. ರೋಗಿಯ ಭಾವಮೈದ ಒಳಗೆ ಹೋಗುತ್ತಾನೆ, ಅವನು ಏನೂ ನೋಡಿಲ್ಲ. ನೋಡಿದವನು ಅಂಗಡಿ ಬಿಟ್ಟು ಬಂದಿದ್ದೇನೆ ಅಂತ ವಾಪಸು ಹೊರಡುತ್ತಾನೆ. ಅವನ ಫೋನ್ ನಂಬರನ್ನು ಒಪಿಡಿ ಚೀಟಿಯ ಹಿಂದೆ ಬರೆದುಕೊಳ್ಳಲು ಒಂದು ಪೆನ್ನು ಸಾಕು. ಕ್ಯಾಜುವಾಲ್ಟಿ ಮೇಜಿನ ಮೇಲೆ ಅದನ್ನು ದಾರ ಕಟ್ಟಿ ಇಟ್ಟಿರುತ್ತಾರೆ.