ವಾರಕ್ಕೆ ಮುಕ್ಕಾಲು ತಾಸು, ಉಳಿದದ್ದು ಮನೆಯಲ್ಲಿ

ನಾನು ಓದುತ್ತಿರುವುದು ಬಿಎಎಸ್‌ಎಲ್‌ಪಿ, ಅಂದರೆ ಮಾತು ಮತ್ತು ಶ್ರವಣ ಚಿಕಿತ್ಸೆಯ ಪದವಿ. ಊರು ಇಳಕಲ್. ರಜೆಗೆ ಬಂದರೆ ಓಣಿಯ ಅಕ್ಕಂದಿರು ಕೇಳುತ್ತಾರೆ: ‘ಯವ್ವಾ, ನಮ್ಮ ಹುಡುಗಗ ಎರಡೂವರಿ ವರ್ಷ ಆತು, ಇನ್ನೂ ಮಾತ ಬಂದಿಲ್ಲ. ಏನರ ಗುಳಗಿ ಐತೇನ?’

ಗುಳಿಗೆ ಇಲ್ಲ. ಬಜೆ ತೇಯ್ದು ನಾಲಿಗೆಗೆ ತಿಕ್ಕಿ, ‘ಅವರಪ್ಪಗೂ ತಡಾ ಆಗಿತ್ತು’ ಎಂದು ನಾಲ್ಕು ವರ್ಷದವರೆಗೆ ಕಾಯುವವರಿದ್ದಾರೆ. ಮಗು ಭಾಷೆಯನ್ನು ಅತಿ ಚುರುಕಾಗಿ ಕಲಿಯುವ ಕಾಲ ಹಾಗೇ ಹೋಗುತ್ತದೆ. ಎರಡು ವರ್ಷ ತುಂಬಿದರೂ ‘ಅವ್ವ ಬಾ’ ಎಂಬಂತೆ ಎರಡು ಪದ ಕೂಡಿಸದಿದ್ದರೆ ತೋರಿಸುವುದೇ ಸರಿ. ಮೊದಲು ಕಿವಿಯ ಪರೀಕ್ಷೆ ಆಗಬೇಕು. ‘ತಾಟು ಬಿದ್ದರ ತಿರುಗಿ ನೋಡ್ತಾನ್ರೀ’ ಎಂಬುದು ಸಾಲದು. ಅರ್ಧ ಕೇಳುವ ಮಗುವಿಗೂ ತಾಟಿನ ಸದ್ದು ಕೇಳುತ್ತದೆ. ‘ಸ’, ‘ಫ’ದಂಥ ಮೆಲುದನಿ ತಪ್ಪಿಹೋಗುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಮಾತು ತಡವಾಗುವುದೂ ಅವರ ತಪಾಸಣೆಯ ಪಟ್ಟಿಯಲ್ಲಿದೆ. ಹುನಗುಂದವಿರಲಿ, ಬಾದಾಮಿಯಿರಲಿ, ಆ ದಿನ ತಾಯಿ ಬಾಯಿಬಿಟ್ಟು ಹೇಳಬೇಕು.

ಬಾಗಲಕೋಟೆಯಲ್ಲಿ ಚಿಕಿತ್ಸೆ ನೋಡಿ ಕಲಿಯುತ್ತಿದ್ದಾಗ ಹುನಗುಂದ ಕಡೆಯ ತಾಯಿಯೊಬ್ಬರು ವಾರಕ್ಕೊಮ್ಮೆ ಮಗನನ್ನು ಬಸ್ಸಿನಲ್ಲಿ ಕರೆತರುತ್ತಿದ್ದರು. ಚೀಲದಲ್ಲಿ ಆ್ಯಪಲ್, ಬಾಲ್ ಎಂದು ಬರೆದ ಕಾರ್ಡುಗಳು. ‘ಮಗನ ಜೋಡಿ ಇಂಗ್ಲಿಷ್ನ್ಯಾಗ ಮಾತಾಡ್ರಿ’ ಎಂದು ಯಾರೋ ಹೇಳಿದ್ದರಂತೆ. ಆಕೆಗೆ ಬರುತ್ತಿದ್ದ ಇಂಗ್ಲಿಷ್ ಪದ ಇಪ್ಪತ್ತಿರಬಹುದು. ಹಾಗಾಗಿ ದಿನವಿಡೀ ಮಗನೊಂದಿಗೆ ಆ ಇಪ್ಪತ್ತೇ. ಓಣಿಯಲ್ಲೆಲ್ಲ ಮಾತಿನಮಲ್ಲಿಯಾದ ತಾಯಿ ಮಗನ ಎದುರು ಮೂಕಿಯಾಗಿದ್ದರು.

ನಮ್ಮ ಮೇಡಂ ಕಾರ್ಡು ಬದಿಗಿಟ್ಟು, ‘ಮನ್ಯಾಗ ಏನ್ ಕೆಲಸಾ ಮಾಡ್ತೀರಿ?’ ಎಂದರು. ‘ಕಂಡಿಕಿ ಸುತ್ತತೇನ್ರೀ.’ ಚಿಕಿತ್ಸೆ ಅಲ್ಲಿಂದಲೇ ಶುರುವಾಯಿತು. ರಾಟಿ ತಿರುಗಿಸುವುದು, ‘ಗಿರ್ರ್’ ಎನ್ನುವುದು, ಥಟ್ಟನೆ ನಿಲ್ಲಿಸಿ ಮಗನ ಮುಖ ನೋಡುತ್ತ ಮನಸ್ಸಿನಲ್ಲೇ ಹತ್ತು ಎಣಿಸುವುದು. ಹೀಗೆ ಸುಮ್ಮನೆ ಕಾಯುವುದೇ ದೊಡ್ಡವರಿಗೆ ಕಷ್ಟ. ನಾವು ಉತ್ತರವನ್ನೂ ಹೇಳಿಬಿಡುತ್ತೇವೆ. ಅವನು ಕೈ ತೋರಿಸಿದರೂ ಅದು ಮಾತೇ, ಕೂಡಲೇ ತಿರುಗಿಸಬೇಕು. ‘ರಾಟಿ’ ಎಂದರೆ ‘ರಾಟಿ ತಿರುಗತೈತಿ’ ಎಂದು ಒಂದು ಪದ ಕೂಡಿಸಿ ಹೇಳಬೇಕು. ‘ಹೇಳು, ಹೇಳು’ ಎಂದು ಗದರುವಂತಿಲ್ಲ. ‘ಹೋತು’ ಎಂದರೆ ‘ಹೋಯಿತು’ ಎಂದು ತಿದ್ದುವಂತೆಯೂ ಇಲ್ಲ. ಮನೆಮಾತು ದೋಷವಲ್ಲ.

ಮೂರನೇ ವಾರ ಅವನು ರಾಟಿಯ ಮೇಲೆ ಕೈಯಿಟ್ಟು ‘ತಿಗ್’ ಅಂದನಂತೆ. ನಮ್ಮ ಲೆಕ್ಕದಲ್ಲಿ ಅದು ಪದವೇ. ಅವನ ವಯಸ್ಸಿನವರ ಸಮಕ್ಕೆ ಬರಲು ಇನ್ನೂ ದೂರವಿದೆ. ಆದರೆ ವಾರಕ್ಕೆ ಮುಕ್ಕಾಲು ತಾಸಷ್ಟೇ ನಮ್ಮ ಪಾಲು, ಉಳಿದ ಹೊತ್ತೆಲ್ಲ ತಾಯಿಯದು.

ಬನಶಂಕರಿ ಜಾತ್ರೆಯಿಂದ ತಂದ ಪೀಪಿಯೂ ಹೀಗೇ ಕೆಲಸಕ್ಕೆ ಬರುತ್ತದೆ. ಊದಿದರೆ ನಾಲಿಗೆ ಸಡಿಲಾಗಿ ಮಾತು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ‘ಇನ್ನೊಮ್ಮೆ’ ಎಂದು ಕೇಳಲು ಮಗುವಿಗೆ ಅದು ಒಳ್ಳೆಯ ನೆಪ, ಅಷ್ಟೇ. ಮೊಬೈಲ್ ಮಾತ್ರ ಎದುರಿನವರಿಗಾಗಿ ಕಾಯುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಪಿಯುಸಿ ವಿಜ್ಞಾನ ಓದಿ ಮುಂದೇನು ಎನ್ನುವವರು ಇತ್ತಲೂ ನೋಡಬಹುದು. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ನಮಗೆ ಹತ್ತಿರದ ಧಾರವಾಡದಲ್ಲಿ ಜೆಎಸ್‌ಎಸ್ ಕಾಲೇಜಿದೆ. ಇಂಟರ್ನ್‌ಷಿಪ್ ಸೇರಿ ನಾಲ್ಕು ವರ್ಷ. ನಮ್ಮ ಕಡೆಯ ಮಾತು ಬಲ್ಲವರು ಈ ಕೆಲಸಕ್ಕೆ ಬೇಕು. ನಾನು ಕಲಿತ ಚಿತ್ರಪಟದಲ್ಲಿ ಬ್ರೆಡ್ ಇತ್ತು, ರೊಟ್ಟಿ ಇರಲಿಲ್ಲ. ಈ ರಜೆಯಲ್ಲಿ ಒಂದು ಆಲ್ಬಂ ಮಾಡುತ್ತಿದ್ದೇನೆ. ರೊಟ್ಟಿ, ರಾಟಿ, ಎತ್ತು ಆಗಿವೆ. ಟಂಟಂ ಫೋಟೊ ತೆಗೆಯುವುದು ಬಾಕಿಯಿದೆ.