ಬೆನ್ನುಹುರಿಯ ಲಕ್ವವೂ ಎಂ.ಆರ್.ಐ. ಪರೀಕ್ಷೆಯೂ

ಲಕ್ವವು ಮಿದುಳಿಗೆ ಮಾತ್ರ ತಗಲುವ ರೋಗವೆಂದು ಬಹುಮಂದಿ ತಿಳಿದಿರುವರು. ಅದರ ಗ್ರಾಂಥಿಕ ನಾಮವಾದ ಪಾರ್ಶ್ವವಾಯು ಎಂಬುದೂ ದಾರಿ ತಪ್ಪಿಸುವಂಥದೇ; ಪಾರ್ಶ್ವವೆಂದರೆ ಒಂದು ಬದಿಯಷ್ಟೆ. ಬೆನ್ನುಹುರಿಗೆ ರಕ್ತವು ನಿಂತಾಗಲಾದರೋ ಸಾಮಾನ್ಯವಾಗಿ ಎರಡು ಕಾಲುಗಳೂ ಒಟ್ಟಿಗೆ ಸೋಲುವುವು. ಹೆಗ್ಗನಹಳ್ಳಿಯಂಥ ದುಡಿಯುವವರ ಊರಿನಲ್ಲಿ ಇದನ್ನು ಪೀಣ್ಯದ ಕಾರ್ಖಾನೆಯ ದಣಿವೆಂದು ಬಗೆದು, ಎಣ್ಣೆ ತಿಕ್ಕಿ, ಬೆಳಗಾಗಲೆಂದು ಕಾಯುವುದು ಸುಲಭ. ಹಾಗೆ ಕಾಯಕೂಡದೆಂದು ತಿಳಿಸುವುದಕ್ಕಾಗಿಯೇ ನಾವು ಇದನ್ನು ಬರೆಯುತ್ತಿದ್ದೇವೆ.

ಬೆನ್ನುಹುರಿಯ ಮುಂಭಾಗದಲ್ಲಿ ಉದ್ದಕ್ಕೂ ಇಳಿಯುವ ಒಂದೇ ಅಪಧಮನಿಯು ಅದರ ಸುಮಾರು ಮೂರರಲ್ಲಿ ಎರಡು ಪಾಲನ್ನು ಪೋಷಿಸುವುದು. ಅಲ್ಲಿ ರಕ್ತವು ತಡೆದರೆ ಬೆನ್ನಿನಲ್ಲಾಗಲಿ ಕತ್ತಿನಲ್ಲಾಗಲಿ ತಟ್ಟನೆ ನೋವು ಹುಟ್ಟಿ, ಕೆಲವೇ ಗಂಟೆಗಳೊಳಗೆ ಬಲ ಕುಂದುವುದು, ಮೂತ್ರ ಕಟ್ಟುವುದು. ಚುಚ್ಚಿದ ನೋವೂ ಬಿಸಿ ತಣ್ಪುಗಳೂ ತಿಳಿಯವು. ಆದರೆ ಹಿಂಭಾಗಕ್ಕೆ ಬೇರೆ ಅಪಧಮನಿಗಳಿರುವುದರಿಂದ, ಕಾಲು ಎತ್ತ ಮಡಿಸಿದೆಯೆಂಬುದನ್ನು ರೋಗಿಯು ಕಣ್ಣು ಮುಚ್ಚಿಯೂ ಹೇಳಬಲ್ಲನು!

ಎಕ್ಸ್-ರೇ ಚಿತ್ರದಲ್ಲಿ ಎಲುಬು ಕಾಣುವುದೇ ಹೊರತು ಹುರಿಯು ಕಾಣದು. ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್-ರೇ ಇಲ್ಲ. ಪ್ರಬಲವಾದ ಅಯಸ್ಕಾಂತದೊಳಗೆ ಮಲಗಿದವರ ದೇಹದಲ್ಲಿನ ನೀರಿನ ಜಲಜನಕ ಕಣಗಳು ರೇಡಿಯೋ ಅಲೆಗಳಿಗೆ ಮಾರುತ್ತರ ಕೊಡುವುವು; ಆ ಉತ್ತರಗಳಿಂದಲೇ ಚಿತ್ರವು ರಚಿತವಾಗುವುದು. ಈ ವಿದ್ಯೆಗಾಗಿ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಎಂಬವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ವೈದ್ಯರು ಚಿತ್ರದಲ್ಲಿ ಮೊದಲು ಹುಡುಕುವುದು ಲಕ್ವವನ್ನಲ್ಲ. ಜಾರಿದ ಡಿಸ್ಕ್, ಕೀವು, ಹೆಪ್ಪುಗಟ್ಟಿದ ರಕ್ತ ಇವುಗಳಲ್ಲಿ ಯಾವುದಾದರೂ ಹುರಿಯನ್ನು ಅಮುಕುತ್ತಿದೆಯೋ ಎಂದು ನೋಡುವರು. ಅಮುಕುತ್ತಿದ್ದರೆ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದಿಲ್ಲವಾದಲ್ಲಿ, ಹುರಿಯ ಮುಂಭಾಗದಲ್ಲಿ ಪೆನ್ಸಿಲಿನಂತಹ ಬಿಳಿಯ ಗೆರೆಯನ್ನೂ, ಅಡ್ಡಚಿತ್ರದಲ್ಲಿ ಗೂಗೆಯ ಕಣ್ಣುಗಳಂತಿರುವ ಎರಡು ಬಿಳಿಯ ಚುಕ್ಕೆಗಳನ್ನೂ ಅರಸುವರು. ಪಕ್ಕದ ಕಶೇರುವಿನ ಎಲುಬಿಗೂ ರಕ್ತ ತಪ್ಪಿರುವುದು ಕಂಡರೆ ಸಂದೇಹವು ಇನ್ನೂ ದೃಢವಾಗುವುದು. ಗೂಗೆಗಣ್ಣು ಬೇರೆ ರೋಗಗಳಲ್ಲಿಯೂ ಕಾಣಬಹುದಾದುದರಿಂದ, ರೋಗವು ಗಂಟೆಗಳಲ್ಲಿ ಬಂದಿತೋ ದಿನಗಳಲ್ಲಿ ಬಂದಿತೋ ಎಂಬ ವಿಚಾರಣೆಯು ಅತ್ಯವಶ್ಯಕ. ಹುರಿಯ ಉರಿಯೂತವು ಸಾಮಾನ್ಯವಾಗಿ ನಿಧಾನವಾಗಿ ಬಲಿಯುವುದು.

ಮೊದಲ ಗಂಟೆಗಳಲ್ಲಿ ತೆಗೆದ ಚಿತ್ರವು ನಿರ್ಮಲವಾಗಿಯೇ ಇರಬಹುದು. ಅಷ್ಟರಿಂದ ರೋಗವಿಲ್ಲವೆಂದು ಮನೆಗೆ ಮರಳತಕ್ಕದ್ದಲ್ಲ. ನೀರಿನ ಕಣಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಎಂಬ ಬಗೆಯ ಚಿತ್ರದಲ್ಲಿ ಕೆಲವೊಮ್ಮೆ ಬೇಗನೆ ಗುರುತು ಸಿಕ್ಕುವುದು. ಇಲ್ಲವಾದರೆ ಕೆಲವು ದಿನಗಳಲ್ಲಿ ಪುನಃ ಪರೀಕ್ಷಿಸುವರು.

ನಮ್ಮ ನಗರದಲ್ಲಿ ಇಂತಹ ನರರೋಗಗಳಿಗಾಗಿಯೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಉಂಟು. ಹೋಗುವಾಗ ತಾಳಿ, ಬಳೆ, ಹೇರ್‌ಪಿನ್ನುಗಳನ್ನು ಕಳಚಬೇಕಾಗುವುದೆಂದು ತಾಯಂದಿರಿಗೆ ಮೊದಲೇ ಹೇಳಿರಿ. ಯಂತ್ರದ ಬಾಗಿಲಲ್ಲಿ ತಾಳಿ ತೆಗೆಯೆಂದರೆ ಅಂಜುವವರಿದ್ದಾರೆ. ಹೃದಯದಲ್ಲಿ ಪೇಸ್‌ಮೇಕರ್ ಇದ್ದರೆ ತಪ್ಪದೆ ತಿಳಿಸಿರಿ. ಕಾಲು ಸೋತದ್ದು ಎಷ್ಟು ಗಂಟೆಗೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಂಡೊಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.