ಮೂಗು ಕಟ್ಟಿ ಮೂರು ತಿಂಗಳಾಯಿತೇ?

ಹಸು ಮಂಕಾಗಿದ್ದರೆ ನೀವು ಮೊದಲು ನೋಡುವುದು ಅದರ ಮೂತಿ. ಒದ್ದೆಯಾಗಿದ್ದರೆ ಸಮಾಧಾನ, ಒಣಗಿದ್ದರೆ ಜ್ವರದ ಅನುಮಾನ. ಸ್ವಂತ ಮೂಗು ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದರೆ ಮಾತ್ರ 'ನನ್ನದು ಶೀತದ ಮೈ' ಎಂದು ಸುಮ್ಮನಿರುತ್ತೀರಿ.

ಕೆನ್ನೆ, ಹಣೆ, ಕಣ್ಣುಗಳ ನಡುವಿನ ಮೂಳೆಗಳಲ್ಲಿ ಗಾಳಿ ತುಂಬಿದ ಪೊಳ್ಳುಗಳಿವೆ. ಇವೇ ಸೈನಸ್. ಒಳಗೋಡೆಗೆ ತೆಳುವಾದ ಲೋಳೆಪೊರೆ. ಅದರ ಮೇಲಿನ ಕಣ್ಣಿಗೆ ಕಾಣದ ರೋಮಗಳು ಸೆಕೆಂಡಿಗೆ 10ಕ್ಕೂ ಹೆಚ್ಚು ಬಾರಿ ಬೀಸುತ್ತ, ಧೂಳು, ರೋಗಾಣು ಅಂಟಿದ ಲೋಳೆಯನ್ನು ಗಂಟಲಿನತ್ತ ದೂಡುತ್ತವೆ. ದಿನವಿಡೀ ಅದನ್ನು ನುಂಗುತ್ತಿರುತ್ತೇವೆ, ಗೊತ್ತೇ ಆಗುವುದಿಲ್ಲ. ಕೊಟ್ಟಿಗೆಯ ಗಂಜಲವಾದರೆ ಇಳಿಜಾರಿನಲ್ಲಿ ತಾನೇ ಹರಿದು ಹೋಗುತ್ತದೆ. ಕೆನ್ನೆಯ ಸೈನಸ್ಸಿಗೆ ಆ ಅನುಕೂಲವಿಲ್ಲ. ಅದರ ಕಿಂಡಿ ಇರುವುದು ಮೇಲ್ಭಾಗದಲ್ಲಿ. ರೋಮಗಳೇ ಲೋಳೆಯನ್ನು ಮೇಲಕ್ಕೆ ಸಾಗಿಸಬೇಕು.

ಉರಿಯೂತ 12 ವಾರ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸೈಟಿಸ್ ಎನ್ನುತ್ತಾರೆ. ಪೊರೆ ಊದಿ ಕಿಂಡಿ ಕಿರಿದಾಗುತ್ತದೆ, ಲೋಳೆ ಗಟ್ಟಿಯಾಗುತ್ತದೆ, ರೋಮಗಳು ಸೋಲುತ್ತವೆ. ನಿಂತ ಲೋಳೆಯಲ್ಲಿ ರೋಗಾಣು ಬೆಳೆದು ಊತ ಮತ್ತಷ್ಟು ಹೆಚ್ಚುತ್ತದೆ. ಕೆಲವರಿಗೆ ಮೂಗಿನಲ್ಲಿ ದುರ್ಮಾಂಸ ಬೆಳೆಯುವುದೂ ಉಂಟು. ಮುಖ ಭಾರ, ಗಂಟಲಿಗಿಳಿಯುವ ಕಫ, ಕೊನೆಗೆ ವಾಸನೆಯೇ ತಿಳಿಯದು. ಹಾಲು ಕೆಟ್ಟಿದೆಯೇ, ಹಿಂಡಿ ಬೂಷ್ಟು ಹಿಡಿದಿದೆಯೇ ಎಂದು ಮೊದಲು ಹೇಳುವುದು ನಿಮ್ಮ ಮೂಗೇ ಅಲ್ಲವೇ? ಅದು ಸುಮ್ಮನಾದರೆ ಸಂಘದಲ್ಲಿ ಹಾಲು ವಾಪಸಾದಾಗಲೇ ಗೊತ್ತಾಗುವುದು.

ಭಟ್ಕಳ, ಹೊನ್ನಾವರ, ಕುಮಟಾದ ಮಳೆಗಾಲದಲ್ಲಿ ಒಣಹುಲ್ಲು ಹೆಸರಿಗಷ್ಟೇ ಒಣ. ಬೂಷ್ಟು ಹಿಡಿದ ಹುಲ್ಲು ಕೊಡವಿದಾಗ ಏಳುವ ಧೂಳು, ಬಚ್ಚಲ ಒಲೆಯ ಹೊಗೆ, ಸೊಳ್ಳೆಗೆಂದು ಕೊಟ್ಟಿಗೆಗೆ ಹಾಕುವ ಹೊಗೆ ಎಲ್ಲವೂ ಪೊರೆಯನ್ನು ಕೆರಳಿಸುತ್ತವೆ. ಅಂಥ ಹುಲ್ಲು ದನಕ್ಕೂ ಬೇಡ. ಕೊಡವಲೇಬೇಕಾದರೆ ಹೊರಗೆ, ಮಾಸ್ಕ್ ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ.

ಉಪ್ಪುನೀರಿನಿಂದ ಮೂಗು ತೊಳೆಯುವುದು ನಿಜಕ್ಕೂ ಉಪಯುಕ್ತ; ಯೋಗದವರ ಜಲನೇತಿಯೂ ಇದೇ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚದಷ್ಟು ಉಪ್ಪು ಸಾಕು. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಹಸಿಯಾಗಿ ಮೂಗಿಗೆ ಬೇಡ. ಹಬೆ ಹಿಡಿದರೆ ಹಗುರವೆನಿಸುತ್ತದೆ, ಕಾಯಿಲೆ ಹೋಗದು. ಮೂಗು ಬಿಡಿಸುವ ಹನಿಗಳನ್ನು ಅಂಗಡಿಯಿಂದ ತಂದು ವಾರಗಟ್ಟಲೆ ಹಾಕಿಕೊಂಡರೆ ಮೂಗು ಇನ್ನೂ ಕಟ್ಟುತ್ತದೆ. ಕಿವಿ-ಮೂಗು-ಗಂಟಲು ವೈದ್ಯರು ಕೊಡುವ ಸ್ಪ್ರೇ ಬೇರೆ. ಅದು ಊತ ಇಳಿಸಲು ವಾರಗಳೇ ಬೇಕು, ನಾಲ್ಕು ದಿನಕ್ಕೆ ಬಿಡಬೇಡಿ.

ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ಜ್ವರದೊಂದಿಗೆ ತೀವ್ರ ತಲೆನೋವು ಬಂದರೆ ಸಂಜೆ ಹಾಲು ಕರೆಯುವುದನ್ನು ಮನೆಯವರಿಗೆ ಬಿಟ್ಟು ಆಗಲೇ ಆಸ್ಪತ್ರೆಗೆ ಹೊರಡಿ.